ಹತ್ತಿಯ ಎಲೆಯಿಂದ ಜೀನೋಮ್‌ವರೆಗೆ: ಮಂಗಳೂರಿನ ತೇವದಲ್ಲಿ ಮಾಡಿದ ಕ್ರಮ

ಹತ್ತಿ ಘಟ್ಟದ ಮೇಲಿನ ಬೆಳೆ. ಅದರ ಜೀನೋಮ್, ಅಂದರೆ ಇಡೀ ಡಿಎನ್‌ಎಯ ಅಕ್ಷರಕ್ರಮ, ಓದಿಸಲು ಮಂಗಳೂರಿನಲ್ಲಿ ಡಿಎನ್‌ಎ ಬೇಕಾದರೆ ಗ್ರೋಬ್ಯಾಗಿನಲ್ಲೇ ಗಿಡ ಎಬ್ಬಿಸಬೇಕು. ನಾನು ಎರಡು ಬಗೆ ಹಾಕಿದೆ: ನಾಡಹತ್ತಿ ಜಯಧರ ಮತ್ತು ಒಂದು ಅಮೆರಿಕನ್ ಹತ್ತಿ ತಳಿ. ಜಯಧರ ಯಾಕೆ ಬೇಕಾಯಿತು ಎಂಬುದು ಮುಂದೆ ಬರುತ್ತದೆ.

ಹತ್ತಿ ದಾಸವಾಳ, ಬೆಂಡೆಯ ಕುಟುಂಬಕ್ಕೆ ಸೇರಿದ್ದು. ದಾಸವಾಳದ ಎಲೆ ಜಜ್ಜಿ ತಲೆಗೆ ಹಚ್ಚುವ ಗೊಂಪು ಕಂಡವರಿಗೆ ಕಷ್ಟ ಎಲ್ಲಿದೆ ಎಂದು ಗೊತ್ತಾಗುತ್ತದೆ. ಅಂಥದೇ ಲೋಳೆ ಡಿಎನ್‌ಎ ಜೊತೆ ಟ್ಯೂಬಿನ ತಳಕ್ಕೆ ಅಂಟಿ ಕೂರುತ್ತದೆ. ಜೊತೆಗೆ ಎಲೆಯಲ್ಲಿರುವ ಫೀನಾಲ್‌ಗಳು ಗಾಳಿ ತಗಲಿದರೆ ಕಂದಾಗಿ ಡಿಎನ್‌ಎಯನ್ನು ಹಿಡಿದುಬಿಡುತ್ತವೆ.

ಹಾಗಾಗಿ ತೀರಾ ಎಳೆ ಎಲೆಯನ್ನೇ ಕೊಯ್ಯಬೇಕು. ಅದಕ್ಕೂ ಮೊದಲು ಎರಡು ದಿನ ಗಿಡ ಕತ್ತಲಲ್ಲಿದ್ದರೆ ಪಿಷ್ಟ ಇಳಿಯುತ್ತದೆ. 100 ಮಿ.ಗ್ರಾಂ ಎಲೆಗೆ 1 ಮಿ.ಲೀ. ಬಫರ್ (ಡಿಎನ್‌ಎ ಬಿಡಿಸುವ ದ್ರಾವಣ): ಸಿಟಿಎಬಿ (ಕೋಶದ ಪೊರೆ ಒಡೆಯುವ ಮಾರ್ಜಕ) ಶೇ. 2, ಸೋಡಿಯಂ ಕ್ಲೋರೈಡ್ 1.4 ಮೋಲಾರ್, ಟ್ರಿಸ್ 100 ಮಿಲಿಮೋಲಾರ್, ಇಡಿಟಿಎ 20 ಮಿಲಿಮೋಲಾರ್, ಫೀನಾಲ್ ಹಿಡಿಯುವ ಪಿವಿಪಿ ಶೇ. 2, ಪಿಎಚ್ 8. ಕಂದಾಗುವುದನ್ನು ತಡೆಯುವ ಬೀಟಾ ಮರ್ಕ್ಯಾಪ್ಟೋಎಥನಾಲ್ ಶೇ. 2ರಷ್ಟು ಅದೇ ದಿನ ಬೆರೆಸಬೇಕು, ಆವಿ ಹೊರಗೆಳೆಯುವ ಫ್ಯೂಮ್ ಹುಡ್ಡಿನೊಳಗೇ.

ಆಟಿಯ (ತುಳುವಿನ ಮಳೆಗಾಲದ ತಿಂಗಳು) ಮಳೆಯಲ್ಲಿ ಕೆಲಸ ಕೆಡುವುದು ಅರೆಯುವಾಗ. ದ್ರವ ಸಾರಜನಕದಲ್ಲಿ ಅರೆದ ಪುಡಿ ಟ್ಯೂಬಿಗೆ ಬೀಳುವಷ್ಟರಲ್ಲಿ ಗಾಳಿಯ ತೇವ ಎಳೆದುಕೊಂಡು ಮುದ್ದೆಯಾಗುತ್ತದೆ; ಕರಗಿತೋ, ಕಂದಾಯಿತು. ಎಲೆಯನ್ನು ಮೊದಲೇ ತೂಗಿಟ್ಟು, ಚಮಚ, ಟ್ಯೂಬುಗಳನ್ನೂ ಸಾರಜನಕದಲ್ಲಿ ತಣಿಸಿಟ್ಟುಕೊಂಡು, ಪುಡಿಯ ಮೇಲೆ 65 ಡಿಗ್ರಿ ಬಿಸಿಯ ಬಫರ್ ತಕ್ಷಣ ಸುರಿದರೆ ಉಳಿಯುತ್ತದೆ. ಅದೇ ಬಿಸಿಯಲ್ಲಿ 45 ನಿಮಿಷ ಇಟ್ಟು, ಕ್ಲೋರೋಫಾರ್ಮ್–ಐಸೋಅಮೈಲ್ ಆಲ್ಕೋಹಾಲ್ (24:1) ಹಾಕಿ ಎರಡು ಸಲ ತಿರುಗಿಸಿದೆ. ಇಲ್ಲಿ ಸೆಂಟ್ರಿಫ್ಯೂಜನ್ನು 4 ಡಿಗ್ರಿಗೆ ಇಳಿಸಬಾರದು, 15 ಡಿಗ್ರಿಗಿಂತ ಕೆಳಗೆ ಸಿಟಿಎಬಿಯೇ ಗಟ್ಟಿಯಾಗಿ ಇಳಿಯುತ್ತದೆ. ಮೇಲಿನ ತಿಳಿಗೆ ಅದರ ಅರ್ಧದಷ್ಟು 5 ಮೋಲಾರ್ ಉಪ್ಪಿನ ದ್ರಾವಣ ಸೇರಿಸಿ, ಆಮೇಲೆ ಐಸೋಪ್ರೊಪನಾಲ್. ಉಪ್ಪು ಹೆಚ್ಚಿದ್ದಾಗ ಲೋಳೆ ಬಹುಪಾಲು ಮೇಲೇ ಉಳಿದು ಡಿಎನ್‌ಎ ಕೆಳಗಿಳಿಯುತ್ತದೆ. ಶೇ. 70ರ ಎಥನಾಲ್‌ನಲ್ಲಿ ಎರಡು ತೊಳೆತ, ಆಮೇಲೆ ಆರ್‌ಎನ್‌ಎ ಒಡೆಯುವ ಕಿಣ್ವ ಆರ್‌ಎನ್‌ಏಸ್. ಶುದ್ಧತೆ ನೋಡುವುದು ಬೇರೆಬೇರೆ ತರಂಗಾಂತರದ (ನ್ಯಾನೋಮೀಟರ್) ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂಬುದರಿಂದ: 260/280 ಅನುಪಾತ 1.8ರ ಸುತ್ತ, 260/230 ಅನುಪಾತ 2ರ ಹತ್ತಿರ ಬರಬೇಕು. ಎರಡನೆಯದು ಕುಸಿದರೆ ಲೋಳೆಯೋ ಫೀನಾಲೋ ಉಳಿದಿದೆ ಎಂದೇ ಲೆಕ್ಕ. ಪ್ರಮಾಣಕ್ಕೆ ಕ್ಯೂಬಿಟ್ (ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣದಿಂದ ಅಳೆಯುವ ಯಂತ್ರ) ತೋರಿಸಿದ್ದನ್ನೇ ನಂಬುತ್ತೇನೆ.

ಮುಂದಿನದು ಈ ಡಿಎನ್‌ಎಯನ್ನು ಯಂತ್ರದಲ್ಲಿ ತುಣುಕು ತುಣುಕಾಗಿ ಓದಿಸುವುದು; ಒಂದೊಂದು ತುಣುಕೂ ಒಂದು ‘ಓದು’, ಒಂದೊಂದು ಜಾಗವನ್ನು ಎಷ್ಟು ಓದು ಮುಚ್ಚಿವೆ ಎಂಬುದು ‘ಆಳ’. ಅಮೆರಿಕನ್ ಹತ್ತಿಯ ಜೀನೋಮ್ ಸುಮಾರು 230 ಕೋಟಿ ಅಕ್ಷರ. 30 ಪಟ್ಟು ಆಳಕ್ಕೆ 150 ಅಕ್ಷರದ ಎರಡೆರಡು ಓದುಗಳ ಜೋಡಿ 23 ಕೋಟಿ ಬೇಕು. ಆದರೆ ತಲೆನೋವು ಗಾತ್ರದ್ದಲ್ಲ, ವಂಶದ್ದು. 10–20 ಲಕ್ಷ ವರ್ಷಗಳ ಹಿಂದೆ ಹಳೆಯ ಜಗತ್ತಿನ ಎ ಜೀನೋಮ್, ಅಮೆರಿಕದ ಡಿ ಜೀನೋಮ್ ಒಂದೇ ಗಿಡದಲ್ಲಿ ಕೂಡಿ 52 ಕ್ರೋಮೋಸೋಮುಗಳ ಈ ಹತ್ತಿ ಹುಟ್ಟಿತು. ಎರಡರಲ್ಲೂ ಹೋಲುವ ಜೀನ್‌ಗಳಿರುವುದರಿಂದ ಓದುಗಳನ್ನು ಆಧಾರ ಜೀನೋಮಿಗೆ (ಮೊದಲೇ ಜೋಡಿಸಿಟ್ಟ ಮಾದರಿ ಕ್ರಮಕ್ಕೆ) ಹೊಂದಿಸುವಾಗ ಎ ಓದು ಡಿ ಮೇಲೂ, ಡಿ ಓದು ಎ ಮೇಲೂ ಕೂರುತ್ತದೆ. ತನ್ನಲ್ಲೇ ಪರಾಗಸ್ಪರ್ಶ ಮಾಡಿಸಿ ಉಳಿಸಿಕೊಂಡ ತಳಿಯಲ್ಲಿ ಸಾಲುಸಾಲು ಜಾಗಗಳು ಅರ್ಧಕ್ಕರ್ಧ ಮಿಶ್ರ (ಅರ್ಧ ಓದುಗಳಲ್ಲಿ ಒಂದು ಅಕ್ಷರ, ಉಳಿದರ್ಧದಲ್ಲಿ ಇನ್ನೊಂದು) ಎಂದು ಬಂದು, ಅಲ್ಲಿ ಆಳ 60ರ ಹತ್ತಿರವಿದ್ದರೆ, ಅದು ತಳಿಯೊಳಗಿನ ವ್ಯತ್ಯಾಸವಲ್ಲ, ಎ–ಡಿ ಒಂದರ ಮೇಲೊಂದು ಕುಳಿತದ್ದು.

ಜಯಧರ ಬೇಕಾದದ್ದು ಇಲ್ಲೇ. ಅದು ಹರ್ಬೇಸಿಯಂ ಜಾತಿ, 26 ಕ್ರೋಮೋಸೋಮು, ಎ ಮಾತ್ರ. ಅದರ ಓದುಗಳನ್ನು 52 ಕ್ರೋಮೋಸೋಮಿನ ಹತ್ತಿಯ ಆಧಾರ ಜೀನೋಮಿಗೆ ಹೊಂದಿಸಿದಾಗ ಎ ಬದಿಯ ಕ್ರೋಮೋಸೋಮುಗಳು, ಎ01ರಿಂದ ಎ13ರವರೆಗೆ, ತುಂಬಿ, ಡಿ ಬದಿ ಬಹುತೇಕ ಖಾಲಿ ಇರಬೇಕು. ಹೊಂದಿಕೆಯ ಗುಣಾಂಕ (ಓದು ಸರಿಯಾದ ಜಾಗದಲ್ಲೇ ಕೂತಿದೆ ಎಂಬ ಭರವಸೆಯ ಅಂಕ) 30ಕ್ಕಿಂತ ಕಡಿಮೆ ಇದ್ದ ಓದುಗಳನ್ನು ತೆಗೆದ ಮೇಲೂ ಡಿ ಬದಿಯಲ್ಲಿ ಆಳ ಉಳಿದ ಜಾಗಗಳನ್ನು ಪಟ್ಟಿ ಮಾಡಿ, ಅಮೆರಿಕನ್ ತಳಿಯ ಲೆಕ್ಕದಿಂದಲೂ ಅಷ್ಟನ್ನೂ ಕೈಬಿಟ್ಟೆ.