ಹಿಕ್ಕೆಯಿಂದ ಹುಲಿಯ ಗುರುತು: ಕಾಡಿನಲ್ಲಿ ಡಿಎನ್‌ಎ ಮಾದರಿ ಸಂಗ್ರಹಿಸಿದ ನನ್ನ ಅನುಭವ

ಮೈಸೂರು ಸೀಮೆಯ ಕಾಡಂಚಿನಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಹುಲಿಯ ಹಿಕ್ಕೆ ಸಂಗ್ರಹಿಸುವ ಕೆಲಸವನ್ನು ನಾನು ಹಲವು ಬೇಸಿಗೆ ಮಾಡಿದ್ದೇನೆ. ಹುಲಿಯನ್ನು ಹಿಡಿಯದೆ, ಅರಿವಳಿಕೆ ಕೊಡದೆ, ಬಹಳ ಸಲ ಕಣ್ಣಿಂದ ನೋಡದೆಯೇ, ಅದು ಗಂಡೋ ಹೆಣ್ಣೋ, ಪಕ್ಕದ ಕಾಡಿನ ಹುಲಿಗೆ ಎಷ್ಟು ಹತ್ತಿರದ ಸಂಬಂಧಿ ಎಂಬುದನ್ನು ಹಿಕ್ಕೆಯಲ್ಲಿನ ಡಿಎನ್‌ಎಯಿಂದ ತಿಳಿಯಬಹುದು.

ಹಿಕ್ಕೆಯ ಒಳಗಿರುವುದು ಹೆಚ್ಚಾಗಿ ಜಿಂಕೆಯ ಕೂದಲು ಮತ್ತು ಮೂಳೆಚೂರು. ನಮಗೆ ಬೇಕಾದದ್ದು ಹುಲಿಯ ಕರುಳಿನಿಂದ ಕಳಚಿ ಹಿಕ್ಕೆಯ ಮೇಲ್ಮೈಗೆ ಅಂಟಿದ ಜೀವಕೋಶಗಳು. ಮೊದಲ ವರ್ಷ ನಾನು ಇಡೀ ಹಿಕ್ಕೆಯನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕ್ಯಾಂಪಿಗೆ ತಂದೆ. ತೇವಕ್ಕೆ ಬೂಷ್ಟು ಹಿಡಿದು ಬಹುಪಾಲು ಮಾದರಿಗಳು ಹಾಳಾದವು. ಬಿಸಿಲು, ಮಳೆ ಎರಡೂ ಡಿಎನ್‌ಎಯನ್ನು ಚೂರು ಮಾಡುತ್ತವೆ. ಆಮೇಲೆ ಬೆಳಕು ಹರಿಯುತ್ತಲೇ ಜೀಪು ದಾರಿ ನಡೆಯತೊಡಗಿದೆವು. ಜೊತೆಗಿದ್ದ ವಾಚರ್ (ಅರಣ್ಯ ಕಾವಲುಗಾರ) ಒಬ್ಬರು ಹಿಕ್ಕೆಯ ಮೇಲೆ ಎಣ್ಣೆ ಸವರಿದಂತೆ ಮಿನುಗುವ ತೆಳುಪೊರೆಯನ್ನು ಕಡ್ಡಿಯಿಂದ ತೋರಿಸಿ, ‘ಇದು ರಾತ್ರಿಯದು’ ಎನ್ನುತ್ತಿದ್ದರು. ಆ ಪೊರೆಯ ಮೇಲೆಯೇ, ನೆರಳಿದ್ದ ಬದಿಯಲ್ಲಿ, ಸ್ವಾಬ್ (ತುದಿಗೆ ಹತ್ತಿಯಂಥ ಎಳೆ ಸುತ್ತಿದ ಕಡ್ಡಿ) ಹೊರಳಿಸಿ, ಮಾದರಿ ಕೆಡದಂತೆ ಕಾಯುವ ದ್ರಾವಣವಿದ್ದ ಕೊಳವೆಯಲ್ಲಿ ಮುಚ್ಚುತ್ತಿದ್ದೆ. ಪ್ರತಿ ಹಿಕ್ಕೆಗೂ ಹೊಸ ಕೈಗವಸು ಬೇಕು. ಯಂತ್ರಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಇಂಥ ವಾಚರ್‌ಗಳ ತರಬೇತಿಗೆ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಯೋಗಾಲಯದಲ್ಲಿ ಮೊದಲು ಅದು ಹುಲಿಯದೋ ಚಿರತೆಯದೋ ಎಂದು ನೋಡುತ್ತಾರೆ. ಗಾತ್ರ ಕಂಡು ನಾವು ಹುಲಿಯದೆಂದು ಬರೆದವುಗಳಲ್ಲಿ ಕೆಲವು ಚಿರತೆಯವೇ ಆಗಿರುತ್ತಿದ್ದವು. ಹಳೆಯ ಹಿಕ್ಕೆಯಲ್ಲಿ ಉದ್ದನೆಯ ಡಿಎನ್‌ಎ ಎಳೆ ಸಿಗುವುದಿಲ್ಲವಾದ್ದರಿಂದ, ಅನೇಕ ಪುಟ್ಟ ತುಣುಕುಗಳನ್ನು ಒಟ್ಟಿಗೆ ಓದುವ, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ವಿಧಾನ ನಮ್ಮಂಥವರಿಗೆ ದೊಡ್ಡ ಆಸರೆಯಾಯಿತು.

ಸಂಬಂಧದ ಲೆಕ್ಕ ಏಕೆ ಬೇಕೆಂದು ಕೇಳಿದವರಿಗೆ ನಾನು ಒಡಿಶಾದ ಸಿಮಿಲಿಪಾಲ ಹುಲಿ ಮೀಸಲು ಕಾಡಿನ ಕಪ್ಪು ಹುಲಿಗಳ ಉದಾಹರಣೆ ಕೊಡುತ್ತೇನೆ. ಪಟ್ಟೆಗಳು ಹರಡಿ ಒಂದಕ್ಕೊಂದು ಕೂಡಿಕೊಂಡ ಆ ಮೈಬಣ್ಣಕ್ಕೆ ಟ್ಯಾಕ್‌ಪೆಪ್ ಎಂಬ ಜೀನ್‌ನ ಒಂದು ರೂಪಾಂತರ ಕಾರಣವೆಂದು ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ತೋರಿಸಿತು. ಬೇರೆ ಕಾಡುಗಳ ನಂಟು ಕಡಿದುಹೋದ ಸಣ್ಣ ಗುಂಪಿನಲ್ಲಿ ಅದು ಹೆಚ್ಚಿತು. 2024ರಲ್ಲಿ ಮಹಾರಾಷ್ಟ್ರದ ತಾಡೋಬಾ ಹುಲಿ ಮೀಸಲು ಕಾಡಿನಿಂದ ಎರಡು ಹೆಣ್ಣು ಹುಲಿಗಳನ್ನು ಅಲ್ಲಿಗೆ ತಂದದ್ದು ಹೊಸ ರಕ್ತ ಸೇರಲೆಂದೇ.

ಒಂದು ತಪ್ಪು ಮಾತ್ರ ಇನ್ನೂ ನೋಯಿಸುತ್ತದೆ. ಹುಲಿ ಕೊಂದ ಹಸುವಿನ ಕುತ್ತಿಗೆಯ ಗಾಯದಿಂದ ಜೊಲ್ಲಿನ ಮಾದರಿ ತೆಗೆದಿದ್ದೆ. ಉಳಿದ ಕೊಳವೆಗಳೂ ತುಂಬಲಿ, ಒಟ್ಟಿಗೆ ಕಳಿಸೋಣವೆಂದು ತಡ ಮಾಡಿದೆ. ಫಲಿತಾಂಶ ಬಂದಾಗ ಅದು ಗಂಡು ಹುಲಿಯೆಂದಿತ್ತು. ಅಷ್ಟರಲ್ಲಿ ಬೋನಿಗೆ ಬಿದ್ದು ಊರಿಂದಾಚೆ ಹೋದದ್ದು ಹೆಣ್ಣು. ಈಗ ಜೊಲ್ಲಿನ ಮಾದರಿಯನ್ನು ಅದೇ ದಿನ ಕಳಿಸುತ್ತೇನೆ, ಲಿಂಗ ಯಾವುದು, ಹಿಕ್ಕೆಯಿಂದ ಗುರುತಿಸಿ ನಾವು ಮಾಡಿಟ್ಟ ಪಟ್ಟಿಯಲ್ಲಿರುವ ಯಾವ ಹುಲಿಗೆ ಹೊಂದುತ್ತದೆ ಎಂಬ ಎರಡೇ ಪ್ರಶ್ನೆ ಬರೆದು. ಆ ಪಟ್ಟಿಗಾಗಿಯೇ ಪ್ರತಿ ಬೇಸಿಗೆಯೂ ಹಿಕ್ಕೆ ಹುಡುಕಿಕೊಂಡು ನಡೆಯುತ್ತೇವೆ.