ವಚನದ ಮೇಲೂ ಕೆಳಗೂ

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಒಂದು ತಟ್ಟೆ ಬರುತ್ತದೆ. ಅದರಲ್ಲಿ ಅಂಗೈಯಗಲದ ಕಾರ್ಡುಗಳನ್ನು ಬೋರಲು ಹಾಕಿರುತ್ತಾರೆ. ಪ್ರಾರ್ಥನೆ ಮಾಡಿ ಒಂದನ್ನು ಎತ್ತಿಕೊಂಡರೆ ಅದೇ ಆ ವರ್ಷದ ವಾಗ್ದಾನ. ಒಂದು ಬದಿಗೆ ಹೂವಿನ ಚಿತ್ರ, ಇನ್ನೊಂದು ಬದಿಗೆ ಬೈಬಲಿನ ಒಂದೇ ಒಂದು ವಚನ. ಮನೆಗೆ ಬಂದು ಅದನ್ನು ಕನ್ನಡಿಗೆ ಸಿಕ್ಕಿಸುತ್ತೇವೆ, ಇಲ್ಲವೇ ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇವೆ. ನನಗೆ ಈಗಲೂ ಆ ತಟ್ಟೆ ಮೇಲೆ ಪ್ರೀತಿಯಿದೆ. ಆದರೆ ನಾನು ಬೈಬಲನ್ನು ಕೂತು ಕಲಿಯಲು ಶುರು ಮಾಡಿದ್ದು ಆ ತಟ್ಟೆಯಿಂದ ಬಂದ ಒಂದು ಕಾರ್ಡಿನ ದೆಸೆಯಿಂದ.

ನಾನು ಹುಬ್ಬಳ್ಳಿಯಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಭಾನುವಾರ ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳ ಕ್ಲಾಸ್ ನನ್ನದು. ಒಂದು ಭಾನುವಾರ ಯೆರೆಮೀಯ 29:11ನ್ನು, ಅಂದರೆ ಯೆರೆಮೀಯ ಪ್ರವಾದಿಯ ಪುಸ್ತಕದ 29ನೇ ಅಧ್ಯಾಯದ 11ನೇ ವಚನವನ್ನು, ಬಾಯಿಪಾಠ ಮಾಡಿಸುತ್ತಿದ್ದೆ. ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಅಹಿತದ್ದಲ್ಲ, ಹಿತದ್ದು, ನಿಮಗೆ ಒಳ್ಳೆಯ ಗತಿ ಕೊಡುತ್ತೇನೆ ಅಂತ ದೇವರು ಹೇಳುವ ವಚನ ಅದು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಮೂರು ತಿಂಗಳ ಹಿಂದೆ ಬೈಕ್ ಅಪಘಾತದಲ್ಲಿ ಅವನ ಅಪ್ಪ ತೀರಿಕೊಂಡಿದ್ದರು. "ಟೀಚರ್, ನಮ್ಮಪ್ಪಗೂ ಈ ವರ್ಷ ಇದೇ ಕಾರ್ಡ್ ಬಂದಿತ್ರೀ" ಅಂದ. ಅಷ್ಟೇ ಹೇಳಿದ್ದು.

ನಾನು "ದೇವರ ಚಿತ್ತ" ಅಂತ ಏನೋ ಹೇಳಿ ಮುಂದಿನ ಹಾಡಿಗೆ ಹೋದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದಿಂದ ಆ ವಚನ ಹೇಳುತ್ತಿದ್ದೆ. ಅದರ ಹಿಂದಿನ ಹತ್ತು ವಚನಗಳಲ್ಲಿ ಏನಿದೆ ಅಂತ ಒಂದು ಸಲವೂ ನೋಡಿರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ದಿನಕ್ಕೆ ಇಷ್ಟು ಅಧ್ಯಾಯ ಅಂತ ಹಿಡಿದೆ. ಮೂರನೇ ಪುಸ್ತಕ ಯಾಜಕಕಾಂಡದ ಬಲಿಗಳ ಹತ್ತಿರ ನಿಂತುಹೋಯಿತು. ಮತ್ತೆ ಶುರು ಮಾಡಿದೆ, ಮತ್ತೆ ಅಲ್ಲೇ ನಿಂತಿತು. ಆಗ ನಮ್ಮ ಓಣಿಯಲ್ಲಿದ್ದ ನಿವೃತ್ತ ಪಾಸ್ಟರ್ ಒಬ್ಬರ ಹತ್ತಿರ ಹೋದೆ. ಅವರು ನನ್ನ ಮಾತೆಲ್ಲ ಕೇಳಿ, "ತಂಗಿ, ನೀವು ಗಣಿತ ಕಲಸಾವ್ರು. ಬರೇ ಉತ್ತರ ಬರದ ಹುಡುಗಗ ಪೂರ್ತಿ ಮಾರ್ಕ್ಸ್ ಕೊಡ್ತೀರೇನು? ಹೆಜ್ಜಿ ಎಲ್ಲಿ ಅಂತ ಕೇಳ್ತೀರಿ, ಹೌದಿಲ್ಲೋ? ನಾವು ಕಾರ್ಡಿನ್ಯಾಗ ಉತ್ತರ ಅಷ್ಟ ಬರಕೊಂಡೇವಿ. ಹೆಜ್ಜಿ ಪುಸ್ತಕದಾಗ ಅದಾವ" ಅಂದರು. ಆಮೇಲೆ ಒಂದು ಕೆಲಸ ಕೊಟ್ಟರು. ಫಿಲೆಮೋನ ಅನ್ನುವವನಿಗೆ ಅಪೊಸ್ತಲ ಪೌಲ ಬರೆದ, ಬೈಬಲಿನಲ್ಲಿರುವ ಪತ್ರವನ್ನು ಕೈಯಿಂದ ನಕಲು ಮಾಡಿ, ವಚನದ ಸಂಖ್ಯೆ ಮಾತ್ರ ಹಾಕಬೇಡಿ ಅಂದರು.

ಈ ಸಂಖ್ಯೆಗಳು ಮೊದಲಿಂದ ಇದ್ದವಲ್ಲ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ಸ್ಟೀಫನ್ ಲ್ಯಾಂಗ್ಟನ್ ಎಂಬ ಧರ್ಮಗುರು ಮಾಡಿದ್ದು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ವಚನಗಳಿಗೆ ಇಂದಿನ ಸಂಖ್ಯೆ ಕೊಟ್ಟದ್ದು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲವಾಗಲಿ ಅಂತ ಬಂದ ಸಂಖ್ಯೆ ಕಾಲಕಳೆದ ಹಾಗೆ ಒಂದೊಂದು ವಚನವನ್ನೂ ಬೇರೆ ಬೇರೆ ಮಾತಾಗಿ ಮಾಡಿಬಿಟ್ಟಿತು.

ಫಿಲೆಮೋನನ ಪತ್ರ ಇರುವುದು 25 ವಚನ. ಒಂದು ಫುಲ್‌ಸ್ಕೇಪ್ ಹಾಳೆಯ ಎರಡೂ ಬದಿಗೆ ಮುಗಿಯಿತು. ಬರೆದ ಮೇಲೆ ನೋಡಿದರೆ ಅದು ನಿಜವಾಗಿ ಒಂದು ಕಾಗದದ ಹಾಗೇ ಇತ್ತು, ನಮ್ಮ ಅಜ್ಜಿಗೆ ಊರಿಂದ ಬರುತ್ತಿದ್ದ ಕಾಗದದ ಹಾಗೆ. ಸೆರೆಯಲ್ಲಿರುವ ಒಬ್ಬ ಮನುಷ್ಯ ತನ್ನ ಸ್ನೇಹಿತನಿಗೆ, ನಿನ್ನಿಂದ ದೂರವಾಗಿದ್ದ ದಾಸನನ್ನು ವಾಪಸ್ ಕಳಿಸುತ್ತಿದ್ದೇನೆ, ದಾಸ ಅಂತ ಅಲ್ಲ, ತಮ್ಮ ಅಂತ ಸೇರಿಸಿಕೋ ಅಂತ ಕೇಳಿಕೊಳ್ಳುತ್ತಾನೆ. ಆ ದಾಸನ ಹೆಸರು ಒನೇಸಿಮ. ಗ್ರೀಕ್‌ನಲ್ಲಿ ಆ ಹೆಸರಿಗೆ 'ಪ್ರಯೋಜನವಾದವನು' ಅಂತ ಅರ್ಥ. ಪೌಲ ಅದನ್ನೇ ಹಿಡಿದು, ಮೊದಲು ನಿನಗೆ ಪ್ರಯೋಜನವಿಲ್ಲದವನಾಗಿದ್ದ, ಈಗ ನಿನಗೂ ನನಗೂ ಪ್ರಯೋಜನವಾದವನು ಅನ್ನುತ್ತಾನೆ. ಅವನೇನಾದರೂ ಸಾಲ ಬಾಕಿ ಮಾಡಿದ್ದರೆ ನಾನು ತೀರಿಸುತ್ತೇನೆ, ಇದನ್ನು ನನ್ನ ಕೈಯಾರೆ ಬರೆದಿದ್ದೇನೆ ಅಂತಲೂ ಸೇರಿಸುತ್ತಾನೆ.

ನಕಲು ಮಾಡುವಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಪತ್ರದ ಉದ್ದಕ್ಕೂ 'ನೀನು', 'ನಿನ್ನ' ಅಂತಿದೆ. ಕೊನೆಗೆ ಹೋದಾಗ, ನನಗೆ ಇಳಿದುಕೊಳ್ಳಲು ಜಾಗ ಸಿದ್ಧ ಮಾಡು ಅಂತ ಒಬ್ಬನಿಗೆ ಹೇಳಿ, ಅದೇ ಉಸಿರಿನಲ್ಲಿ 'ನಿಮ್ಮ' ಪ್ರಾರ್ಥನೆಗಳಿಂದ ಬರುತ್ತೇನೆ ಅನ್ನುತ್ತಾನೆ. ಯಾಕೆ ಅಂತ ಮೊದಲ ಸಾಲಿಗೆ ಹೋದೆ. ಪತ್ರ ಫಿಲೆಮೋನನಿಗೆ, ಜೊತೆಗೆ ಅವನ ಮನೆಯಲ್ಲಿ ಕೂಡಿಬರುವ ಸಭೆಗೂ. ಅಂದರೆ ಇಡೀ ಸಭೆಯ ಮುಂದೆ ಈ ಕಾಗದ ಓದಿದ್ದಾರೆ. ಎಲ್ಲರೂ ಫಿಲೆಮೋನನ ಮುಖ ನೋಡುತ್ತಿದ್ದಿರಬೇಕು. ಒಂದು 'ನಿಮ್ಮ' ಅನ್ನೋ ಪದದಿಂದ ನನಗೆ ಆ ಮನೆಯೇ ಕಂಡಿತು.

ಈಗಿನ ಇಂಗ್ಲಿಷ್ ಬೈಬಲುಗಳಲ್ಲಿ ಒಬ್ಬರಿಗೂ ಹತ್ತು ಜನರಿಗೂ ಒಂದೇ ಪದ. ನಮ್ಮ ಕನ್ನಡ ಬೈಬಲಾದ ಸತ್ಯವೇದದಲ್ಲಿ ದೇವರು, ಯೇಸು, ಪೌಲ ಯಾರೇ ಆಗಲಿ ಒಬ್ಬ ಮನುಷ್ಯನ ಹತ್ತಿರ ಮಾತಾಡುವಾಗ ಸಾಮಾನ್ಯವಾಗಿ 'ನೀನು' ಅಂತಾರೆ, ಹಲವರ ಹತ್ತಿರ 'ನೀವು'. ಲೂಕ 22ನೇ ಅಧ್ಯಾಯದಲ್ಲಿ ಯೇಸು ಪೇತ್ರನಿಗೆ, ಸೈತಾನನು 'ನಿಮ್ಮನ್ನು' ಗೋಧಿಯ ಹಾಗೆ ಕೇರಲು ಕೇಳಿಕೊಂಡಿದ್ದಾನೆ, ಆದರೆ 'ನಿನ್ನ' ನಂಬಿಕೆ ಕುಂದದಿರಲಿ ಅಂತ ಪ್ರಾರ್ಥಿಸಿದ್ದೇನೆ ಅನ್ನುತ್ತಾನೆ. ಕಷ್ಟ ಎಲ್ಲರಿಗೂ, ಪ್ರಾರ್ಥನೆ ಇವನೊಬ್ಬನ ಹೆಸರು ಹಿಡಿದು. ಕನ್ನಡದಲ್ಲಿ ಓದುವವರಿಗೆ ಇದು ಕೈಯಲ್ಲೇ ಇದೆ. ಬೈಬಲ್ ಕಲಿಯಬೇಕಾದರೆ ಇಂಗ್ಲಿಷೇ ಬೇಕು ಅಂತ ನಂಬಿ ಸುಮ್ನೆ ಕೂತಿರುವ ಎಷ್ಟೋ ಹೆಣ್ಣುಮಕ್ಕಳು ನಮ್ಮ ಸಭೆಗಳಲ್ಲಿದ್ದಾರೆ. ಅವರಿಗೆ ಇದನ್ನು ಹೇಳಬೇಕು ಅಂತಲೇ ಇಷ್ಟು ಬಿಡಿಸಿ ಬರೆದೆ.

ಅಷ್ಟಾದ ಮೇಲೆ ಯೆರೆಮೀಯ 29ಕ್ಕೆ ಬಂದೆ. ನೋಡಿದರೆ ಅದೂ ಒಂದು ಕಾಗದವೇ! ಕ್ರಿ.ಪೂ. 597ರಲ್ಲಿ ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮಿನ ರಾಜನನ್ನೂ ಅಧಿಕಾರಿಗಳನ್ನೂ ಕಮ್ಮಾರರನ್ನೂ ಸೆರೆ ಒಯ್ದಿದ್ದ. ಅಲ್ಲಿದ್ದ ಆ ಜನರಿಗೆ ಯೆರೆಮೀಯ ಯೆರೂಸಲೇಮಿನಿಂದ ಬರೆದ ಕಾಗದ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ ಬರುತ್ತಾನೆ. ಬಾಬಿಲೋನಿಗೆ ತಲೆಬಾಗಿ ಅನ್ನುವ ಗುರುತಾಗಿ ಯೆರೆಮೀಯ ಕೊರಳಿಗೆ ಹಾಕಿಕೊಂಡಿದ್ದ ಮರದ ನೊಗ ಮುರಿದು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಅಂತ ಸಾರುತ್ತಾನೆ. ಜನಕ್ಕೆ ಇಷ್ಟವಾಗುವ ಮಾತು ಅದು. ಆದರೆ ಯೆರೆಮೀಯ ಬರೆದದ್ದು ಬೇರೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಊರಿನ ಕ್ಷೇಮ ಹಾರೈಸಿ. ಹತ್ತನೇ ವಚನದಲ್ಲಿ, ಬಾಬಿಲೋನಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಕರೆತರುತ್ತೇನೆ. ಅದಾದ ಮೇಲೆ ಬರುವುದು ನಮ್ಮ ಕಾರ್ಡಿನ ಹನ್ನೊಂದನೇ ವಚನ.

ಎಪ್ಪತ್ತು ವರ್ಷ! ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ತಮ್ಮೂರನ್ನು ಮತ್ತೆ ನೋಡಲಾರರು. ಹಾಗಿದ್ದೂ ದೇವರ ಯೋಚನೆ ಹಿತದ್ದೇ ಅಂತ ಅವರಿಗೇ ಹೇಳಿದ್ದು. ಇಲ್ಲಿಯೂ ಪದ 'ನಿಮ್ಮ'. ಹೀಬ್ರೂ ಮೂಲದಲ್ಲೂ ಬಹುವಚನವೇ. ಒಬ್ಬೊಬ್ಬರ ಹಣೆಬರಹದ ಚೀಟಿ ಅಲ್ಲ ಅದು, ಒಂದು ಇಡೀ ಜನಾಂಗವನ್ನು ಕೈಬಿಡುವುದಿಲ್ಲ ಅನ್ನುವ ಮಾತು. ಏಳನೇ ವಚನದಲ್ಲಿ ಊರಿನ ಕ್ಷೇಮ, ಹನ್ನೊಂದರಲ್ಲಿ ಹಿತ ಅಂತ ಇರುವ ಕಡೆ ಹೀಬ್ರೂವಿನಲ್ಲಿ ಎರಡಕ್ಕೂ ಶಾಲೋಮ್ ಅನ್ನುವ ಒಂದೇ ಪದ ಅಂತ ಆಮೇಲೆ ತಿಳಿಯಿತು. ಸುತ್ತಲಿನ ಊರಿನ ಒಳಿತನ್ನು ಬಿಟ್ಟು ನನಗೊಂದು ಒಳಿತು ಇಲ್ಲ ಅಂತಾಯಿತಲ್ವಾ?

ಇದಾದ ಮೇಲೆ ನನಗೆ ಕಾಲದ ಲೆಕ್ಕ ಬೇಕು ಅನ್ನಿಸಿತು. ನಾಲ್ಕು ಚಾರ್ಟ್ ಪೇಪರ್ ಅಂಟಿಸಿ ಅಡುಗೆಮನೆ ಗೋಡೆಯ ಮೇಲೆ ಒಂದು ಉದ್ದ ಗೆರೆ ಎಳೆದೆ. ಕ್ರಿ.ಪೂ. 722 ಉತ್ತರ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಬಿದ್ದದ್ದು, 586 ಯೆರೂಸಲೇಮಿನ ದೇವಾಲಯ ಸುಟ್ಟದ್ದು, 538 ಪರ್ಷಿಯದ ರಾಜ ಕೋರೆಷ ಸೆರೆಯವರಿಗೆ ವಾಪಸ್ ಹೋಗಲು ಅಪ್ಪಣೆ ಕೊಟ್ಟದ್ದು, 515 ದೇವಾಲಯ ಮತ್ತೆ ಎದ್ದದ್ದು. ಈ ನಾಲ್ಕು ಗೂಟ ಹೊಡೆದುಕೊಂಡರೆ ಸಾಕು, ಪ್ರವಾದಿಗಳು ಒಬ್ಬೊಬ್ಬರಾಗಿ ತಮ್ಮ ಜಾಗಕ್ಕೆ ಬಂದು ಕೂರುತ್ತಾರೆ. ಆಮೋಸ, ಹೋಶೇಯ ಮೊದಲ ಗೂಟದ ಹಿಂದೆ, ಯೆರೆಮೀಯ ಎರಡನೆಯದರ ಆಚೆ ಈಚೆ, ಹಗ್ಗಾಯ ಕೊನೆಯದರ ಹತ್ತಿರ. ಪುಸ್ತಕದಲ್ಲಿ ಅವರನ್ನು ಜೋಡಿಸಿರುವುದು ಕಾಲದ ಕ್ರಮದಲ್ಲಿ ಅಲ್ಲ. ನನಗೆ ಇಷ್ಟು ವರ್ಷ ಗೊಂದಲ ಆಗಿದ್ದು ಅದಕ್ಕೇ. ಯಾಜಕಕಾಂಡವನ್ನೂ ಆಮೇಲೆ ಓದಿದೆ, ಈ ಸಲ ದಾರಿ ತಪ್ಪಲಿಲ್ಲ.

ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯನ್ನು ಒಂದೇ ಸಲ ಕೂತು, ಗಟ್ಟಿಯಾಗಿ ಓದಿದೆ. 16 ಅಧ್ಯಾಯ, ಒಂದೂವರೆ ತಾಸು. ಅಲ್ಲಿ ಒಂದು ಪೆಟ್ಟು ಕಾದಿತ್ತು. ನಾಲ್ಕನೇ ಶತಮಾನದ ಎರಡು ಹಳೆಯ ಪ್ರತಿಗಳಾದ ಸಿನಾಯಿಟಿಕಸ್, ವ್ಯಾಟಿಕಾನಸ್‌ಗಳಲ್ಲಿ ಮಾರ್ಕ 16:8ಕ್ಕೇ ಮುಗಿಯುತ್ತದೆ ಅಂತ ಗೊತ್ತಾಯಿತು. ಸಮಾಧಿ ನೋಡಿದ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ, ಅಷ್ಟಕ್ಕೇ. ನಮ್ಮ ಬೈಬಲಿನಲ್ಲಿ ಅದಾದ ಮೇಲೆ 20ನೇ ವಚನದವರೆಗೆ ಇದೆ. ಎರಡು ದಿನ ನನಗೆ ಕಾಲ ಕೆಳಗಿನ ನೆಲ ಜರುಗಿದ ಹಾಗಾಯಿತು. ಪಾಸ್ಟರ್ ಹತ್ತಿರ ಓಡಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ಹೌದು ಅಂದರು. ನಂಬಿಕೆ ಇರುವವರೇ ಆ ಪ್ರತಿಗಳನ್ನು ನೂರಾರು ವರ್ಷ ಕಾಪಾಡಿಕೊಂಡು ಬಂದದ್ದು, ನಿಜ ಏನಿದೆಯೋ ಅದನ್ನು ನೋಡಲು ಹೆದರಬೇಡಿ ಅಂದರು. ಅವರು ಅವತ್ತು ಬೈದು ಕಳಿಸಿದ್ದರೆ ನಾನು ಓದು ಬಿಡುತ್ತಿದ್ದೆ. ಕಲಿಯುವವರಿಗೆ ಇಂಥ ಒಬ್ಬರು ಬೇಕೇ ಬೇಕು.

ದೇವಜ್ಞಾನದ ಕಡೆಗೆ ಬಂದದ್ದು ಕೊನೆಗೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಆರಾಧನೆಯಲ್ಲಿ, ನಾವು ನಂಬುವುದನ್ನು ಸಾರುವ ನೈಸಿಯ ವಿಶ್ವಾಸಪ್ರಮಾಣ ಹೇಳುತ್ತೇವೆ. ಚಿಕ್ಕಂದಿನಿಂದ ಬಾಯಿಗೆ ಬಂದಿತ್ತು. ಮಗನು, ಅಂದರೆ ಯೇಸು, ತಂದೆಯಾದ ದೇವರೊಂದಿಗೆ ಒಂದೇ ತತ್ವವುಳ್ಳವನು, ಹುಟ್ಟಿದವನು, ಸೃಷ್ಟಿಯಾದವನಲ್ಲ ಅನ್ನುವ ಭಾಗ ನನಗೆ ಬರೀ ಸದ್ದಾಗಿತ್ತು. ಅದರ ಹಿಂದೆ ಒಂದು ದೊಡ್ಡ ಜಗಳವೇ ಇದೆ. ಅಲೆಕ್ಸಾಂಡ್ರಿಯದ ಅರಿಯಸ್ ಎಂಬ ಹಿರಿಯ, ಮಗನೂ ದೇವರು ಉಂಟುಮಾಡಿದವನೇ, ಅವನಿಲ್ಲದ ಒಂದು ಹೊತ್ತಿತ್ತು ಅಂತ ಕಲಿಸಿದ. ಆ ವಿಷಯಕ್ಕೆ 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಈಗಿನ ಟರ್ಕಿಯಲ್ಲಿರುವ ನೈಸಿಯದಲ್ಲಿ ಬಿಷಪರನ್ನು ಸೇರಿಸಿದ. ನಾವು ಹೇಳುವ ರೂಪ ಬಂದದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯಿಂದ. ಅರಿಯಸ್ಸನಿಗೆ ಎದುರು ನಿಂತ ಅಲೆಕ್ಸಾಂಡ್ರಿಯದ ಬಿಷಪ್ ಅತನೇಷಿಯಸ್‌ನನ್ನು ಐದು ಸಲ ಊರು ಬಿಡಿಸಿದರು. ಒಂದು ಪದಕ್ಕಾಗಿ ಇಷ್ಟೇಕೆ ಅಂತ ನಾನೂ ಕೇಳಿಕೊಂಡೆ. ನೋಟ್‌ಬುಕ್ಕಿನಲ್ಲಿ ನನ್ನ ಮಾತಿನಲ್ಲೇ ಹೀಗೆ ಬರೆದುಕೊಂಡಿದ್ದೇನೆ: ಮಗನು ದೇವರೇ ಅಲ್ಲದಿದ್ದರೆ, ಶಿಲುಬೆಯ ಕಷ್ಟಕ್ಕೆ ದೇವರು ಬೇರೆ ಯಾರನ್ನೋ ಕಳಿಸಿ ತಾನು ಮನೆಯಲ್ಲೇ ಕೂತ ಹಾಗಾಯಿತು. ಹಾಗಲ್ಲ, ತಾನೇ ಬಂದ.

ಆ ವಿಶ್ವಾಸಪ್ರಮಾಣದಲ್ಲೇ, ಯೇಸುವಿಗೆ ಶಿಲುಬೆಯ ಶಿಕ್ಷೆ ವಿಧಿಸಿದ ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ಹೆಸರಿದೆ. 1961ರಲ್ಲಿ ಇಸ್ರೇಲಿನ ಕರಾವಳಿಯ ಕೈಸರೈಯದಲ್ಲಿ ಅವನ ಹೆಸರು ಕೆತ್ತಿದ ಕಲ್ಲು ಸಿಕ್ಕಿದೆ. ಪ್ರತಿ ಸಲ ಆ ಹೆಸರು ಹೇಳುವಾಗ, ಈ ಸಂಕಟ ಒಂದು ಊರಲ್ಲಿ, ಒಬ್ಬ ಅಧಿಕಾರಿಯ ಕಾಲದಲ್ಲಿ ಆದದ್ದು ಅಂತ ನನಗೆ ಈಗ ನೆನಪಾಗುತ್ತದೆ.

ಇಷ್ಟಕ್ಕೆಲ್ಲ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ದಿನಾ ಬೆಳಗ್ಗೆ ಐದರಿಂದ ಐದೂ ಮುಕ್ಕಾಲು, ಅದಕ್ಕಿಂತ ಜಾಸ್ತಿ ಸಮಯ ಸಿಗಲಿಲ್ಲ.

ಆ ಹುಡುಗನ ಮನೆಗೆ ಒಂದು ಶನಿವಾರ ಸಂಜೆ ಹೋದೆ. ಅವನಿಗೆ ಆಗ ಹದಿನಾಲ್ಕು. ಅವರಮ್ಮ ಚಹಾ ತಂದಿಟ್ಟು ಪಕ್ಕದಲ್ಲೇ ಕೂತರು. ಮೊದಲು ಕ್ಷಮೆ ಕೇಳಿದೆ. ಆಮೇಲೆ 88ನೇ ಕೀರ್ತನೆ ತೆಗೆದು ಓದಿದೆವು. ಹಗಲೂ ರಾತ್ರಿ ಕೂಗಿದೆ, ಯಾಕೆ ಮುಖ ಮರೆಮಾಡಿಕೊಂಡಿದ್ದೀ ಅಂತ ದೇವರನ್ನೇ ಕೇಳುವ ಕೀರ್ತನೆ. ಬೇರೆ ದುಃಖದ ಕೀರ್ತನೆಗಳ ಹಾಗೆ ಕೊನೆಗೆ ಸ್ತೋತ್ರಕ್ಕೆ ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ.

"ಇಷ್ಟಕ್ಕ ಮುಗೀತೇನ್ರೀ?" ಅಂತ ಕೇಳಿದ.

"ಇಷ್ಟಕ್ಕೇ."

ಅವನು ಸ್ವಲ್ಪ ಹೊತ್ತು ಪುಟ ನೋಡುತ್ತಾ ಕೂತ. "ಇದನ್ನೂ ಬೈಬಲ್‌ನ್ಯಾಗ ಇಟ್ಟಾರಲ್ರೀ" ಅಂದ.

ಆಮೇಲೆ ತಾನೇ ಎದ್ದು ಹೋಗಿ ಅಪ್ಪನ ಬೈಬಲ್ ತಂದ. ಕಾರ್ಡ್ ಅದರೊಳಗೇ ಇತ್ತು. ಯೆರೆಮೀಯ 29ನ್ನು ಮೊದಲಿಂದ ಅವನೇ ಓದಿದ. ಎಪ್ಪತ್ತು ವರ್ಷ ಅಂತ ಬಂದಾಗ ನಿಲ್ಲಿಸಿ ಅಮ್ಮನ ಕಡೆ ನೋಡಿದ. ಅವರು ಕಣ್ಣು ಒರೆಸಿಕೊಂಡು, "ಮುಂದ ಓದೋ" ಅಂದರು. ಹದಿನಾಲ್ಕನೇ ವಚನದವರೆಗೆ ಓದಿ ಮುಗಿಸಿದ. ಕಾರ್ಡನ್ನು ತಿರುಗಿಸಿ, ಹೂವಿನ ಚಿತ್ರದ ಮೇಲೆಯೇ ಪೆನ್ಸಿಲಿನಿಂದ '1ರಿಂದ 14' ಅಂತ ಬರೆದು ಅದೇ ಪುಟದಲ್ಲಿ ವಾಪಸ್ ಇಟ್ಟ.