ಸಾನಿಯಾ ಆಟವನ್ನು ಒಂದು ಪುಟಕ್ಕೆ ಇಳಿಸಿದ ಬಗೆ

2023ರ ಜನವರಿಯಲ್ಲಿ ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ, ಮುಂದಿನ ತಿಂಗಳ ದುಬೈ ಟೂರ್ನಿಯೇ ತಮ್ಮ ಕೊನೆಯದು ಎಂದು ತಿಳಿಸಿದ ಮೇಲೆ, ನಮ್ಮ ಕ್ರೀಡಾ ಡೆಸ್ಕಿನಲ್ಲಿ ಒಂದು ಪೂರ್ತಿ ಪುಟ ನನ್ನ ಪಾಲಿಗೆ ಬಂತು. ವಿದಾಯದ ಪುಟ ಕಟ್ಟುವ ಕ್ರಮ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ನಡುವೆ ದೊಡ್ಡ ಫೋಟೊ, ಎಡಕ್ಕೆ ಲೇಖನ, ಬಲಕ್ಕೆ ‘ಸಾಧನೆಯ ಹಾದಿ’ ಎಂಬ ಬಾಕ್ಸ್. ಬಾಕ್ಸಿನ ಸರಕು ಕೂತಲ್ಲೇ ಸಿಗುತ್ತದೆ: ಆರು ಗ್ರ್ಯಾಂಡ್‌ಸ್ಲಾಮ್, 2004ರಲ್ಲಿ ಅರ್ಜುನ, 2006ರಲ್ಲಿ ಪದ್ಮಶ್ರೀ, 2015ರಲ್ಲಿ ಖೇಲ್ ರತ್ನ, 2016ರಲ್ಲಿ ಪದ್ಮಭೂಷಣ.

‘ಇಷ್ಟು ಹಾಕಿದ್ರೆ ಸಾಕಲ್ಲೇನ್ರೀ?’ ಅಂದರು ಪುಟದ ಉಸ್ತುವಾರಿ ನೋಡುತ್ತಿದ್ದ ಹಿರಿಯರು. ಹಾಗೇ ಮುಗಿಸಿಬಿಡಬಹುದಿತ್ತು. ಅಷ್ಟರಲ್ಲಿ ಪಕ್ಕದ ಮೇಜಿನಿಂದ ಇನ್ನೊಂದು ಮಾತು ಬಂತು: ‘ಹಿಂಗಿಸ್ ಸಿಕ್ಕಿದ್ದಕ್ಕೆ ತಾನೇ ಸಾರ್ ಆಕೆ ನಂಬರ್ ಒನ್ ಆಗಿದ್ದು?’ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್, ಡಬಲ್ಸ್‌ನಲ್ಲಿ ಸಾನಿಯಾ ಅವರ ಜೊತೆಗಾರ್ತಿಯಾಗಿದ್ದವರು. ಈ ಮಾತನ್ನು ಕ್ಲಬ್ಬುಗಳಲ್ಲಿ, ಟಿ.ವಿ. ಮುಂದೆ ಬೇಕಾದಷ್ಟು ಸಲ ಕೇಳಿದ್ದೆ. ನನಗೆ ಒಪ್ಪಿಗೆಯಾಗದ ಮಾತು. ಆದರೆ ಒಪ್ಪಿಗೆಯಿಲ್ಲ ಎಂದರೆ ಸಾಲದಲ್ಲ, ತೋರಿಸಬೇಕು. ಹಾಗಾಗಿ ಪುಟದ ಲೆಕ್ಕವನ್ನು ಪ್ರಶಸ್ತಿಗಳಿಂದ ಶುರುಮಾಡದೆ ಜೊತೆಗಾರರಿಂದ ಶುರುಮಾಡಿದೆ.

ಎಕ್ಸೆಲ್‌ನಲ್ಲಿ ಐದು ಕಾಲಂ ಹಾಕಿಕೊಂಡೆ: ವರ್ಷ, ಟೂರ್ನಿ, ಜೊತೆಗೆ ಆಡಿದವರು, ಫೈನಲ್‌ನ ಎದುರಾಳಿ, ಸ್ಕೋರು. ಸಿಂಗಲ್ಸ್ ಆಟಗಾರ್ತಿಗಾದರೆ ಮೂರನೇ ಕಾಲಂ ಬೇಡ. ಡಬಲ್ಸ್ ಆಟಗಾರ್ತಿಯ ವೃತ್ತಿಬದುಕೆಲ್ಲ ಇರುವುದು ಅದರಲ್ಲೇ.

ಮೊದಲು ಎಣಿಕೆಯನ್ನು ಸರಿಮಾಡಿಕೊಳ್ಳಬೇಕಿತ್ತು. ಸಾನಿಯಾ ಗೆದ್ದ ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) ಡಬಲ್ಸ್ ಪ್ರಶಸ್ತಿಗಳು 43. ಇದರಲ್ಲಿ ಮಹಿಳಾ ಡಬಲ್ಸ್‌ನ ಮೂರು ಗ್ರ್ಯಾಂಡ್‌ಸ್ಲಾಮ್‌ಗಳೂ ಸೇರಿವೆ: 2015ರ ವಿಂಬಲ್ಡನ್, ಅದೇ ವರ್ಷದ ಅಮೆರಿಕ ಓಪನ್, 2016ರ ಆಸ್ಟ್ರೇಲಿಯಾ ಓಪನ್. ಮಿಶ್ರ ಡಬಲ್ಸ್‌ನ ಮೂರು ಈ ಲೆಕ್ಕದ ಹೊರಗೆ: ಮಹೇಶ್ ಭೂಪತಿ ಜೊತೆ 2009ರ ಆಸ್ಟ್ರೇಲಿಯಾ ಓಪನ್ ಮತ್ತು 2012ರ ಫ್ರೆಂಚ್ ಓಪನ್, ಬ್ರೆಜಿಲ್‌ನ ಬ್ರೂನೊ ಸೊರೆಸ್ ಜೊತೆ 2014ರ ಅಮೆರಿಕ ಓಪನ್. 43ಕ್ಕೆ 6 ಕೂಡಿಸಿದರೆ ಮೂರು ಟ್ರೋಫಿ ಎರಡು ಸಲ ಲೆಕ್ಕಕ್ಕೆ ಬರುತ್ತವೆ. ಮಿಶ್ರ ಡಬಲ್ಸ್ ಗೆದ್ದರೆ ಕಪ್ ಸಿಗುತ್ತದೆ, ದುಡ್ಡು ಸಿಗುತ್ತದೆ, ರ‍್ಯಾಂಕಿಂಗ್ ಪಾಯಿಂಟ್ ಮಾತ್ರ ಸಿಗುವುದಿಲ್ಲ. ಅಂದರೆ ಭೂಪತಿ, ಸೊರೆಸ್ ಜೊತೆಗಿನ ಗೆಲುವುಗಳಿಗೂ ನಂಬರ್ ಒನ್ ಪಟ್ಟಕ್ಕೂ ಸಂಬಂಧವಿಲ್ಲ.

ಪಟ್ಟ ಬಂದದ್ದು 2015ರ ಏಪ್ರಿಲ್ 13ರಂದು. ಹಿಂಗಿಸ್ ಜೊತೆಗೂಡಿ ಮೊದಲ ಮೂರು ಟೂರ್ನಿಗಳನ್ನೂ (ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್) ಗೆದ್ದ ಬೆನ್ನಿಗೇ. ದಿನಾಂಕ ನೋಡಿದವರಿಗೆ ಎಲ್ಲ ಹಿಂಗಿಸ್ ಮಹಿಮೆ ಅನ್ನಿಸುವುದು ಸಹಜ. ಆದರೆ ಡಬಲ್ಸ್ ರ‍್ಯಾಂಕಿಂಗ್ ಜೋಡಿಗಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ. ಹಿಂದಿನ 52 ವಾರಗಳಲ್ಲಿ ಯಾರ ಜೊತೆ ಆಡಿದ್ದರೂ ಆ ಪಾಯಿಂಟ್ ನಿಮ್ಮ ಖಾತೆಯಲ್ಲೇ ಇರುತ್ತದೆ. ಏಪ್ರಿಲ್ 13ರ ಸಾನಿಯಾ ಖಾತೆಯಲ್ಲಿ ಜಿಂಬಾಬ್ವೆಯ ಕಾರಾ ಬ್ಲ್ಯಾಕ್ ಜೊತೆ 2014ರಲ್ಲಿ ಗಳಿಸಿದ್ದು ಇತ್ತು. ಟೋಕಿಯೊ ಪ್ರಶಸ್ತಿ, ಅದರ ಮೇಲೆ ಸಿಂಗಪುರದ ಡಬ್ಲ್ಯುಟಿಎ ಫೈನಲ್ಸ್. ಅಲ್ಲಿ ಹಾಲಿ ಚಾಂಪಿಯನ್ನರಾದ ಸೀ ಸು ವೀ–ಪೆಂಗ್ ಶುವಾಯಿ ಜೋಡಿಯನ್ನು ಇವರು ಸೋಲಿಸಿದ್ದು 6–1, 6–0ರಿಂದ. ವರ್ಷಾಂತ್ಯದ ಟೂರ್ನಿಯ ಫೈನಲ್‌ನಲ್ಲಿ ಒಂದೇ ಒಂದು ಗೇಮ್ ಬಿಟ್ಟುಕೊಟ್ಟಿದ್ದಾರೆ! 2015ರ ಜನವರಿಯಲ್ಲಿ ಬೆಥನಿ ಮ್ಯಾಟೆಕ್ ಸ್ಯಾಂಡ್ಸ್ ಜೊತೆ ಗೆದ್ದ ಸಿಡ್ನಿ ಪ್ರಶಸ್ತಿಯೂ ಸೇರಿಕೊಂಡಿತ್ತು. ಕಟ್ಟಡ ಏಳುತ್ತಾ ಬಂದಿತ್ತು, ಹಿಂಗಿಸ್ ಬಂದು ತಾರಸಿ ಹಾಕಿದರು. ಅಷ್ಟೇ.

ಹಾಗಂತ ಆ ಜೋಡಿಯ ಆಟವನ್ನು ಕಡಿಮೆ ಮಾಡಿ ಬರೆಯಲಿಲ್ಲ, ಬರೆಯಲು ಸಾಧ್ಯವೂ ಇಲ್ಲ. ಒಟ್ಟು 14 ಪ್ರಶಸ್ತಿ, 2015ರ ಅಮೆರಿಕ ಓಪನ್‌ನಿಂದ ಶುರುವಾಗಿ ಸತತ 41 ಗೆಲುವು. ಪುಟದಲ್ಲಿ ಒಂದು ಪಂದ್ಯವನ್ನಾದರೂ ಬಿಡಿಸಿ ಹೇಳಬೇಕಿತ್ತು. 2015ರ ಜುಲೈ 11ರ ವಿಂಬಲ್ಡನ್ ಫೈನಲ್ ಆರಿಸಿಕೊಂಡೆ. ಎದುರಿಗೆ ರಷ್ಯಾದ ಮಕರೋವಾ–ವೆಸ್ನಿನಾ. ಮಾಮೂಲಿ ಟೂರ್ ಪಂದ್ಯಗಳಲ್ಲಿ ಮೂರನೇ ಸೆಟ್ ಬದಲು ಹತ್ತು ಪಾಯಿಂಟಿನ ಟೈಬ್ರೇಕ್ ಇರುತ್ತದೆ, ಡ್ಯೂಸ್ (40–40ರ ಸಮಬಲ) ಆದರೆ ಒಂದೇ ಪಾಯಿಂಟಿಗೆ ಗೇಮ್ ಇತ್ಯರ್ಥ. ವಿಂಬಲ್ಡನ್‌ನಲ್ಲಿ ಹಾಗಲ್ಲ, ಮೂರನೇ ಸೆಟ್ಟನ್ನೂ ಪೂರ್ತಿ ಆಡಲೇಬೇಕು. ಆ ಸೆಟ್‌ನಲ್ಲಿ ಸಾನಿಯಾ–ಹಿಂಗಿಸ್ 2–5ರಿಂದ ಹಿಂದಿದ್ದರು. ಟೂರ್ ಪಂದ್ಯವಾಗಿದ್ದರೆ ಇಂಥ ಹಿನ್ನಡೆಯಿಂದ ಏಳಲು ಇಷ್ಟು ಜಾಗವೇ ಸಿಗುತ್ತಿರಲಿಲ್ಲ. 5–5ಕ್ಕೆ ತಂದರು. ಅಷ್ಟರಲ್ಲಿ ಬೆಳಕು ಕಮ್ಮಿಯಾಗಿ ಸೆಂಟರ್ ಕೋರ್ಟಿನ ಚಾವಣಿ ಮುಚ್ಚಿದರು, ದೀಪ ಹಾಕಿದರು. ಮತ್ತೆ ಬಂದು ಎರಡು ಗೇಮ್ ಸಾಲಾಗಿ ಗೆದ್ದರು: 5–7, 7–6, 7–5. ಮಹಿಳಾ ಡಬಲ್ಸ್‌ನಲ್ಲಿ ಭಾರತದ ಆಟಗಾರ್ತಿಗೆ ಬಂದ ಮೊದಲ ಗ್ರ್ಯಾಂಡ್‌ಸ್ಲಾಮ್ ಅದು.

ಆ ಪಂದ್ಯದ ದೃಶ್ಯಗಳನ್ನು ಮತ್ತೆ ಮತ್ತೆ ನೋಡಿದರೆ ಇಬ್ಬರ ಕೆಲಸದ ಹಂಚಿಕೆ ಕಾಣುತ್ತದೆ. ಸಾನಿಯಾ ಹಿಂದಿನಿಂದ ಫೋರ್‌ಹ್ಯಾಂಡ್ ಬೀಸುತ್ತಾರೆ. ಆ ಏಟಿಗೆ ಎದುರಾಳಿಯ ರ‍್ಯಾಕೆಟ್ ತಡವಾದರೆ ಚೆಂಡು ಮೆತ್ತಗೆ ಮೇಲೇಳುತ್ತದೆ, ನೆಟ್ ಹತ್ತಿರ ಕಾದಿರುವ ಹಿಂಗಿಸ್ ಅದನ್ನು ಮುಗಿಸುತ್ತಾರೆ. ಕೊನೆಯ ಏಟು ಹಿಂಗಿಸ್ ಅವರದಾದ್ದರಿಂದ ಚಪ್ಪಾಳೆಯೂ ಅವರಿಗೆ. ಪಕ್ಕದ ಮೇಜಿನವರ ಮಾತಿನ ಮೂಲ ಇಲ್ಲಿದೆ ಅಂತ ನನ್ನ ಗುಮಾನಿ.

ನನ್ನ ವಾದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ಮಾತ್ರ ಜೋಡಿ ಮುರಿದ ನಂತರದ ಸಾಲುಗಳಲ್ಲಿ. 2016ರ ಆಗಸ್ಟ್‌ನಲ್ಲಿ ಬೇರೆಯಾದ ಕೂಡಲೇ ಸಿನ್ಸಿನಾಟಿ ಫೈನಲ್‌ನಲ್ಲಿ ಇಬ್ಬರೂ ಎದುರುಬದುರಾದರು. ಸಾನಿಯಾ ಜೊತೆ ಬಾರ್ಬೊರಾ ಸ್ಟ್ರಿಕೋವಾ, ಹಿಂಗಿಸ್ ಜೊತೆ ಕೊಕೊ ವಾಂಡೆವೆ. ಸಾನಿಯಾ ಜೋಡಿ 7–5, 6–4ರಿಂದ ಗೆದ್ದಿತು. ಅಲ್ಲಿಯವರೆಗೆ ಹಿಂಗಿಸ್ ಜೊತೆ ಹಂಚಿಕೊಂಡಿದ್ದ ಅಗ್ರಸ್ಥಾನ ಸಾನಿಯಾ ಒಬ್ಬರದೇ ಆಯಿತು. ಒಟ್ಟು 91 ವಾರ ಅವರು ಆ ಸ್ಥಾನದಲ್ಲಿದ್ದರು. ಈ ಸಾಲನ್ನು ಪಕ್ಕದ ಮೇಜಿನವರಿಗೆ ತೋರಿಸಿದೆ. ‘ಓಹೋ’ ಅಂದು ಕಾಫಿಗೆ ಎದ್ದುಹೋದರು.

ಕಾಲಂ ತುಂಬುತ್ತಾ ಹೋದಂತೆ ವೆಸ್ನಿನಾ ಹೆಸರು ಮಜಾ ಕೊಟ್ಟಿತು. 2011ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸೋತಾಗ ಸಾನಿಯಾ ಜೊತೆಗಿದ್ದವರು ಆಕೆ. 2015ರಲ್ಲಿ ಇಂಡಿಯನ್ ವೆಲ್ಸ್, ಮಯಾಮಿ, ವಿಂಬಲ್ಡನ್, ಮೂರೂ ಫೈನಲ್‌ಗಳಲ್ಲಿ ಸೋತ ಎದುರಾಳಿಯೂ ಆಕೆಯೇ. ಕಡೆಗೆ 2016ರ ಫೆಬ್ರುವರಿಯಲ್ಲಿ ದೋಹಾದಲ್ಲಿ ದರಿಯಾ ಕಸತ್ಕಿನಾ ಜೊತೆ ಬಂದು ಆ 41ರ ಸರಪಳಿಯನ್ನು ತುಂಡರಿಸಿದವರೂ ಆಕೆಯೇ. ಡಬಲ್ಸ್ ಲೋಕ ಅಷ್ಟು ಚಿಕ್ಕದು.

ಸಿಂಗಲ್ಸ್‌ಗೆ ಜಾಗ ಕಡಿಮೆ ಉಳಿಯಿತು. 2005ರ ಹೈದರಾಬಾದ್ ಓಪನ್ ಗೆದ್ದು ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದ ಭಾರತದ ಮೊದಲ ಮಹಿಳೆಯಾಗಿದ್ದು, ಅದೇ ವರ್ಷ ದುಬೈನಲ್ಲಿ ಸ್ವೆಟ್ಲಾನಾ ಕುಜ್ನೆತ್ಸೋವಾ ಅವರನ್ನು ಸೋಲಿಸಿದ್ದು, ಅಮೆರಿಕ ಓಪನ್‌ನ ನಾಲ್ಕನೇ ಸುತ್ತು, 2007ರ ಆಗಸ್ಟ್‌ನಲ್ಲಿ 27ನೇ ರ‍್ಯಾಂಕ್. ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಆ ಹಾದಿಗೆ ಅಡ್ಡಬಂತು. ಸಿಂಗಲ್ಸ್ ಬಿಟ್ಟದ್ದನ್ನು ‘ಕೆಳಗಿಳಿದರು’ ಎಂಬ ಧಾಟಿಯಲ್ಲಿ ಬರೆಯುವ ಅಭ್ಯಾಸವಿದೆ. ಆ ಧಾಟಿಯ ವಾಕ್ಯ ಪುಟದಲ್ಲಿ ಎಲ್ಲೂ ಸುಳಿಯದಂತೆ ನೋಡಿಕೊಂಡೆ.

ನಮ್ಮ ಓದುಗರಿಗಾಗಿ ಎರಡು ಸಾಲು ಬೇಕೇ ಇದ್ದವು. ಒಂದು, 2006ರಲ್ಲಿ ಲೀಝೆಲ್ ಹ್ಯೂಬರ್ ಜೊತೆ ಬೆಂಗಳೂರು ಓಪನ್ ಡಬಲ್ಸ್ ಗೆದ್ದದ್ದು. ಇನ್ನೊಂದು, ಕೊಡಗಿನ ರೋಹನ್ ಬೋಪಣ್ಣ. ರಿಯೊ ಒಲಿಂಪಿಕ್ಸ್‌ನಲ್ಲಿ ಈ ಜೋಡಿ ಕಂಚಿನ ಪಂದ್ಯ ಸೋತು ನಾಲ್ಕನೆಯದಾಯಿತು. 2023ರ ಆಸ್ಟ್ರೇಲಿಯಾ ಓಪನ್‌ನಲ್ಲಿ, ಸಾನಿಯಾ ಅವರ ಕೊನೆಯ ಗ್ರ್ಯಾಂಡ್‌ಸ್ಲಾಮ್‌ನಲ್ಲಿ, ಇಬ್ಬರೂ ಫೈನಲ್‌ವರೆಗೆ ಹೋಗಿ ಬ್ರೆಜಿಲ್‌ನ ಸ್ಟೆಫಾನಿ–ಮಾಟೊಸ್‌ಗೆ ಸೋತರು. ಹದಿನಾಲ್ಕರ ವಯಸ್ಸಿನಲ್ಲಿ ತನ್ನ ಮೊದಲ ಮಿಶ್ರ ಡಬಲ್ಸ್ ಜೊತೆಗಾರ ಬೋಪಣ್ಣನೇ ಎಂದು ಸಾನಿಯಾ ಅವತ್ತು ಮೈಕಿನ ಮುಂದೆ ನೆನೆದರು.

ಕೊನೆಗೆ ಪುಟದ ಬಲಭಾಗಕ್ಕೆ ಜೊತೆಗಾರರ ಪಟ್ಟಿ ಬಂತು, ಪ್ರಶಸ್ತಿ–ಪುರಸ್ಕಾರಗಳು ಅಡಿಯಲ್ಲಿ ಒಂದೇ ಸಾಲಿಗೆ ಇಳಿದವು. ‘ಪದ್ಮಭೂಷಣವನ್ನ ಪುಟದ ಪಾದಕ್ಕೆ ತಂದಿಟ್ರಲ್ಲ!’ ಅಂದರು ಹಿರಿಯರು. ಅಂದರೂ ಪುಟ ಪಾಸು ಮಾಡಿದರು. ಮಗುವಾದ ಮೇಲೆ ಮರಳಿ ಬಂದು 2020ರಲ್ಲಿ ನಾದಿಯಾ ಕಿಚೆನೊಕ್ ಜೊತೆ ಗೆದ್ದ ಹೋಬರ್ಟ್ ಪ್ರಶಸ್ತಿಗೆ ದಪ್ಪಕ್ಷರ ಹಾಕಿಸಿದೆ. ಫೆಬ್ರುವರಿ 21ರಂದು ದುಬೈ ಫಲಿತಾಂಶ ಬಂತು: ಮ್ಯಾಡಿಸನ್ ಕೀಸ್ ಜೊತೆ ಮೊದಲ ಸುತ್ತಿನಲ್ಲೇ 4–6, 0–6 ಸೋಲು. ವಿದಾಯದ ಪುಟದಲ್ಲಿ ಅದೇಕೆ ಅಂತ ಒಬ್ಬರು ಕೇಳಿದರು. ಪಟ್ಟಿಯಲ್ಲಿ ಕೀಸ್ ಕೊನೆಯ ಹೆಸರು, ಬಿಡುವ ಹಾಗಿರಲಿಲ್ಲ. ಆ ಸಾಲಿಗೆ ಜಾಗ ಮಾಡಲು ಹಿಂಗಿಸ್ ಫೋಟೊವನ್ನು ಒಂದಿಷ್ಟು ಕತ್ತರಿಸಿದೆವು.